ಯಾವ ಕರೆಂಟು ಒಳ್ಳೆಯದು ಎಂದು ಕೇಳುವ ಮೊದಲು



ನಮ್ಮ ಶಾಲೆಗಳ ಚರ್ಚಾಸ್ಪರ್ಧೆಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಬರುತ್ತದೆ: ‘ಕಲ್ಲಿದ್ದಲೋ, ಸೌರಶಕ್ತಿಯೋ?’ ಪರವಾಗಿ ಮಾತಾಡುವವರು ಸೂರ್ಯನನ್ನು ಹೊಗಳುತ್ತಾರೆ, ವಿರೋಧವಾಗಿ ಮಾತಾಡುವವರು ರಾತ್ರಿ ಏನು ಮಾಡುತ್ತೀರಿ ಎಂದು ಕೇಳುತ್ತಾರೆ, ಗಂಟೆ ಬಾರಿಸುತ್ತದೆ, ಚಪ್ಪಾಳೆ ಬೀಳುತ್ತದೆ. ಇಬ್ಬರ ಮಾತೂ ಪಠ್ಯಪುಸ್ತಕದ ಒಂದೇ ಪಟ್ಟಿಯಿಂದ ಬಂದದ್ದು. ಆ ಪಟ್ಟಿಯಲ್ಲಿ ಎಡಗಡೆ ಸಾಂಪ್ರದಾಯಿಕ ಮೂಲಗಳು, ಬಲಗಡೆ ಅಸಾಂಪ್ರದಾಯಿಕ ಮೂಲಗಳು. ಎಡಗಡೆಯದಕ್ಕೆ ‘ಮಾಲಿನ್ಯ’ ಎಂದು ಹಣೆಪಟ್ಟಿ, ಬಲಗಡೆಯದಕ್ಕೆ ‘ಶುದ್ಧ, ಉಚಿತ, ಮುಗಿಯದ್ದು’ ಎಂದು ಹಣೆಪಟ್ಟಿ.

ಪಟ್ಟಿ ತಪ್ಪೆಂದು ನಾನು ಹೇಳುವುದಿಲ್ಲ. ಪರೀಕ್ಷೆಯಲ್ಲಿ ಹಾಗೇ ಬರೆಯಿರಿ, ಅಂಕ ತೆಗೆದುಕೊಳ್ಳಿ. ಆದರೆ ಅಷ್ಟು ಸಾಲದು. ಯಾವ ವಿದ್ಯುತ್ ಮೂಲವನ್ನು ಹೊಗಳುವ ಅಥವಾ ತೆಗಳುವ ಮೊದಲು ಮೂರು ಪ್ರಶ್ನೆ ಕೇಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಎಷ್ಟು ಯೂನಿಟ್ ಬರುತ್ತದೆ? ಯಾವ ಹೊತ್ತಿಗೆ ಬರುತ್ತದೆ? ಯಾರ ಖರ್ಚಿನಲ್ಲಿ ಬರುತ್ತದೆ? ಈ ಮೂರಕ್ಕೂ ಉತ್ತರ ಹುಡುಕದೆ ಆಡುವ ಮಾತು ಬರೀ ಭಾಷಣವಾಗುತ್ತದೆ.

ಈ ಪ್ರಶ್ನೆಗಳನ್ನು ಕೇಳಲು ಗಡಿಯಾಚೆ ಇರುವ ಕನ್ನಡ ಮಕ್ಕಳಾದ ನಮಗೆ ಇರುವಷ್ಟು ಅನುಕೂಲ ಬೇರೆ ಯಾರಿಗೂ ಇಲ್ಲ ಅನ್ನಬಹುದು. ಸುತ್ತ ನೋಡಿ. ಅಕ್ಕಲಕೋಟೆ ಕಡೆಯವರಿಗೆ ಸೊಲ್ಲಾಪುರದ ಹತ್ತಿರವೇ ಎನ್.ಟಿ.ಪಿ.ಸಿ.ಯ 1,320 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರ ಇದೆ. ಜತ್ತದ ಮಾಳದ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ, ರಾಯದುರ್ಗದ ಸೀಮೆಯಲ್ಲೂ ತಿರುಗುತ್ತವೆ. ಮಡಕಶಿರದ ಪಕ್ಕದಲ್ಲೇ ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕು. ತೆಲಂಗಾಣದ ಪಶ್ಚಿಮ ಅಂಚಿನವರಿಗೆ ಕೃಷ್ಣೆಯ ಮೇಲೆ ಜುರಾಲಾ ಜಲವಿದ್ಯುತ್ ಕೇಂದ್ರ ಇದೆ, ಹೊಳೆ ದಾಟಿದರೆ ಶಕ್ತಿನಗರದ ರಾಯಚೂರು ಉಷ್ಣ ಸ್ಥಾವರ. ನೀಲಗಿರಿಯಲ್ಲಿ 1932ರಿಂದ ಪೈಕಾರ ನಡೆಯುತ್ತಿದೆ, ಅದರ ನಂತರ ಬಂದದ್ದು ಕುಂದಾ. ವಯನಾಡಿನವರಿಗೆ ಬಾಣಾಸುರ ಸಾಗರ, ಕಾಸರಗೋಡಿನವರಿಗೆ ಅಂಬಲತ್ತರ ಮತ್ತು ಪೈವಳಿಕೆಯ ಸೌರ ಸ್ಥಾವರಗಳು. ಗೋವಾದಲ್ಲಿ ದೊಡ್ಡ ಸ್ಥಾವರ ಇಲ್ಲ, ಆದರೆ ಗಡಿಯ ಈಚೆ ಕೈಗಾದ 880 ಮೆಗಾವ್ಯಾಟ್ ಪರಮಾಣು ಕೇಂದ್ರ ಇದೆ. ಪುಸ್ತಕದ ಪಟ್ಟಿಯಲ್ಲಿರುವ ಹೆಸರುಗಳೆಲ್ಲ ನಮ್ಮ ಬಸ್ಸಿನ ಕಿಟಕಿಯಿಂದಲೇ ಕಾಣುತ್ತವೆ, ಅಲ್ವೇ?

ಒಂದನೇ ಪ್ರಶ್ನೆ: ಎಷ್ಟು ಯೂನಿಟ್?

ಪತ್ರಿಕೆಯಲ್ಲಿ ಯಾವಾಗಲೂ ಮೆಗಾವ್ಯಾಟ್ ಎಂದು ಬರೆಯುತ್ತಾರೆ. ಮನೆಯ ಲೈಟ್ ಬಿಲ್ಲಿನಲ್ಲಿ ಯೂನಿಟ್ ಎಂದು ಇರುತ್ತದೆ. ಎರಡೂ ಒಂದೇ ಎಂದುಕೊಂಡರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಮೆಗಾವ್ಯಾಟ್ ಅಂದರೆ ಎತ್ತಿಗೆ ಎಷ್ಟು ಬಲ ಇದೆ ಎಂಬ ಲೆಕ್ಕ. ಯೂನಿಟ್ ಅಂದರೆ ಆ ಎತ್ತು ಎಷ್ಟು ಹೊಲ ಉತ್ತಿತು ಎಂಬ ಲೆಕ್ಕ. ಬಲವಾದ ಎತ್ತು ಅರ್ಧ ದಿನ ಮಲಗಿದರೆ ಉಳುಮೆ ಕಡಿಮೆಯೇ.

ಸೊಲ್ಲಾಪುರದ 1,320 ಮೆಗಾವ್ಯಾಟ್ ಸ್ಥಾವರ ಇಡೀ ದಿನ ಪೂರ್ತಿ ಬಲದಲ್ಲಿ ನಡೆದರೆ, 1,320ನ್ನು 24ರಿಂದ ಗುಣಿಸಿ, 31,680 ಮೆಗಾವ್ಯಾಟ್-ಗಂಟೆ. ಒಂದು ಮೆಗಾವ್ಯಾಟ್-ಗಂಟೆಗೆ 1,000 ಯೂನಿಟ್. ಅಂದರೆ ದಿನಕ್ಕೆ ಸುಮಾರು 3 ಕೋಟಿ 17 ಲಕ್ಷ ಯೂನಿಟ್. ಪಾವಗಡದ ಪಾರ್ಕಿನ ಸಾಮರ್ಥ್ಯ ಅದಕ್ಕಿಂತ ದೊಡ್ಡದು, 2,050 ಮೆಗಾವ್ಯಾಟ್. ಆದರೆ ರಾತ್ರಿ ಸೂರ್ಯ ಇಲ್ಲ, ಬೆಳಗ್ಗೆ ಸಂಜೆ ಬಿಸಿಲು ಓರೆ, ಮಳೆಗಾಲದಲ್ಲಿ ಮೋಡ. ಎಲ್ಲ ಸೇರಿಸಿ ವರ್ಷದ ಸರಾಸರಿ ತೆಗೆದರೆ ಸೌರ ಸ್ಥಾವರ ತನ್ನ ಪೂರ್ಣ ಸಾಮರ್ಥ್ಯದ ಐದನೇ ಒಂದು ಭಾಗ, ಅಥವಾ ಸ್ವಲ್ಪ ಹೆಚ್ಚು ಕೊಡುತ್ತದೆ. ಆ ಲೆಕ್ಕದಲ್ಲಿ ಪಾವಗಡದಿಂದ ದಿನಕ್ಕೆ ಸುಮಾರು ಒಂದು ಕೋಟಿ ಯೂನಿಟ್. ಹೆಸರಿನಲ್ಲಿ ದೊಡ್ಡದು, ಕೊಡುವುದರಲ್ಲಿ ಮೂರನೇ ಒಂದು ಭಾಗ! ಕಲ್ಲಿದ್ದಲಿನ ಸ್ಥಾವರವೂ ವರ್ಷವಿಡೀ ಪೂರ್ತಿ ಬಲದಲ್ಲಿ ನಡೆಯುವುದಿಲ್ಲ, ನಿಜ. ಆದರೂ ಬರೀ ಮೆಗಾವ್ಯಾಟ್ ಹಿಡಿದು ಹೋಲಿಸಬಾರದು ಎಂಬುದು ಇದರಿಂದ ಗೊತ್ತಾಗುತ್ತದೆ.

ನೀರಿನ ಲೆಕ್ಕ ಇನ್ನೂ ಸೊಗಸು. ನೀರು ಕೊಡುವ ಶಕ್ತಿ ಅದು ಬೀಳುವ ಎತ್ತರವನ್ನು ಅವಲಂಬಿಸಿದೆ. ಪೈಕಾರದಲ್ಲಿ ನೀರು ಸುಮಾರು 900 ಮೀಟರ್ ಕೆಳಕ್ಕೆ ಇಳಿಯುತ್ತದೆ. 1,000 ಲೀಟರ್ ನೀರಿನ ರಾಶಿ 1,000 ಕಿಲೋಗ್ರಾಂ. ರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿ: 1,000 × 9.8 × 900 = 88,20,000 ಜೂಲ್. ಒಂದು ಯೂನಿಟ್‌ಗೆ 36,00,000 ಜೂಲ್. ಹಾಗಾದರೆ ಎರಡೂವರೆ ಯೂನಿಟ್‌ಗೆ ಸ್ವಲ್ಪ ಕಡಿಮೆ. ಪೈಪು, ಟರ್ಬೈನು, ಜನರೇಟರಿನಲ್ಲಿ ಆಗುವ ನಷ್ಟ ಕಳೆದರೆ ಎರಡು ಯೂನಿಟ್ ಕೈಗೆ ಬರುತ್ತದೆ. ಈಗ ಬಯಲುಸೀಮೆಯ ಒಂದು ಅಣೆಕಟ್ಟನ್ನು ತೆಗೆದುಕೊಳ್ಳಿ. ಅಲ್ಲಿ ನೀರು 20 ಮೀಟರ್ ಬೀಳುತ್ತದೆ ಎಂದುಕೊಳ್ಳೋಣ. ಅದೇ ಲೆಕ್ಕ ಮಾಡಿ. ಒಂದೇ ಒಂದು ಯೂನಿಟ್ ತೆಗೆಯಲು ಸುಮಾರು 20,000 ಲೀಟರ್ ನೀರು ಹರಿಯಬೇಕು. ‘ಜಲವಿದ್ಯುತ್’ ಎಂಬ ಒಂದೇ ಶಬ್ದದೊಳಗೆ ಇಷ್ಟು ವ್ಯತ್ಯಾಸ ಅಡಗಿದೆ.

ಎರಡನೇ ಪ್ರಶ್ನೆ: ಯಾವ ಹೊತ್ತಿಗೆ?

ಕರೆಂಟನ್ನು ಜೋಳದ ಹಾಗೆ ಹಗೇವಿನಲ್ಲಿ ತುಂಬಿಡಲು ಬರುವುದಿಲ್ಲ. ಗ್ರಿಡ್‌ನಲ್ಲಿ ಈ ಕ್ಷಣಕ್ಕೆ ಎಷ್ಟು ಬೇಕೋ ಅಷ್ಟನ್ನೇ ಈ ಕ್ಷಣ ಹುಟ್ಟಿಸಬೇಕು. ಇದನ್ನು ತೇರು ಎಳೆಯುವುದಕ್ಕೆ ಹೋಲಿಸಬಹುದು. ನೂರಾರು ಜನ ಒಂದೇ ಹಗ್ಗ ಹಿಡಿದು ಒಂದೇ ಹೆಜ್ಜೆಯಲ್ಲಿ ಎಳೆಯುತ್ತಾರೆ. ಕೆಲವರು ಕೈಬಿಟ್ಟರೆ ತೇರು ನಿಧಾನವಾಗುತ್ತದೆ, ಉಳಿದವರು ಕೂಡಲೇ ಹೆಚ್ಚು ಬಲ ಹಾಕಬೇಕು. ಗ್ರಿಡ್‌ನ ಜನರೇಟರುಗಳೂ ಹೀಗೆಯೇ ಒಂದೇ ಲಯದಲ್ಲಿ ತಿರುಗುತ್ತವೆ. ಆ ಲಯವೇ ಸೆಕೆಂಡಿಗೆ 50 ಆವರ್ತ, 50 ಹರ್ಟ್ಝ್. ಬೇಡಿಕೆ ಹೆಚ್ಚಾಗಿ ಉತ್ಪಾದನೆ ಕಡಿಮೆಯಾದರೆ ಆವರ್ತಾಂಕ ಇಳಿಯುತ್ತದೆ. ಬಹಳ ಇಳಿದರೆ ಯಂತ್ರಗಳು ತಮ್ಮನ್ನು ಉಳಿಸಿಕೊಳ್ಳಲು ಹಗ್ಗ ಬಿಟ್ಟು ಬಿಡುತ್ತವೆ, ಊರಿಗೆ ಊರೇ ಕತ್ತಲು.

ಆದ್ದರಿಂದ ಒಂದೊಂದು ಮೂಲಕ್ಕೂ ಅದರದೇ ಹೊತ್ತು ಇದೆ. ಸೌರ ಫಲಕ ನಡು ಮಧ್ಯಾಹ್ನ ಉದಾರಿ, ಸಂಜೆ ಆರೂವರೆಗೆ ಬರಿಗೈ. ನಾವೋ, ಸಂಜೆ ಆರೂವರೆಗೇ ದೀಪ ಹಚ್ಚುವವರು, ಟಿ.ವಿ. ಹಾಕುವವರು, ಪುಸ್ತಕ ತೆಗೆಯುವವರು. ಗಾಳಿಯಂತ್ರಕ್ಕೆ ಮುಂಗಾರಿನ ತಿಂಗಳುಗಳೇ ಸುಗ್ಗಿ. ಮೋಡ ಕವಿದು ಸೌರ ಫಲಕ ಮಂಕಾಗುವ ಕಾಲದಲ್ಲೇ ಗಾಳಿ ಜೋರಾಗುತ್ತದೆ, ಹಾಗಾಗಿ ಇವೆರಡೂ ಒಳ್ಳೆಯ ಜೋಡಿ. ಕಲ್ಲಿದ್ದಲಿನ ಬಾಯ್ಲರು ತಣ್ಣಗಾದ ಮೇಲೆ ಮತ್ತೆ ಕಾಯಿಸಲು ಗಂಟೆಗಟ್ಟಲೆ ಬೇಕು, ಆದರೆ ಒಮ್ಮೆ ಕಾದರೆ ಹಗಲು ರಾತ್ರಿ ನೋಡುವುದಿಲ್ಲ. ಪರಮಾಣು ಕೇಂದ್ರವಂತೂ ಒಂದೇ ಸಮನೆ ನಡೆಯುವುದರಲ್ಲಿ ಗಟ್ಟಿ. ಕೈಗಾದ ಒಂದನೇ ಘಟಕ 2016ರ ಮೇ ತಿಂಗಳಲ್ಲಿ ಶುರುವಾಗಿ 2018ರ ಡಿಸೆಂಬರ್ ಕೊನೆಯವರೆಗೆ, 962 ದಿನ, ಒಮ್ಮೆಯೂ ನಿಲ್ಲದೆ ನಡೆದು ಜಗತ್ತಿನ ದಾಖಲೆ ಮಾಡಿತು. ನೀರಿನ ಟರ್ಬೈನು ಮಾತ್ರ ಕರೆದಾಗ ಬರುವ ಕೆಲಸಗಾರ. ಗೇಟು ತೆರೆದ ಕೆಲವೇ ನಿಮಿಷಗಳಲ್ಲಿ ಕರೆಂಟು ಕೊಡುತ್ತದೆ.

ಸಂಜೆಯ ಕೊರತೆಗೆ ನೀಲಗಿರಿ ಒಂದು ದಾರಿ ತೋರಿಸುತ್ತಿದೆ. ಕುಂದಾದಲ್ಲಿ 500 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಕೈಗೆತ್ತಿಕೊಂಡಿದ್ದಾರೆ. ಗ್ರಿಡ್‌ನಲ್ಲಿ ಕರೆಂಟು ಹೆಚ್ಚಾಗಿರುವ ಹೊತ್ತಿನಲ್ಲಿ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತುವುದು, ಬೇಕಾದಾಗ ಅದೇ ನೀರನ್ನು ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. ಎತ್ತಲು ಖರ್ಚಾದಷ್ಟು ವಾಪಸ್ ಬರುವುದಿಲ್ಲ, ಸುಮಾರು ನಾಲ್ಕು ಪಾಲಿನಲ್ಲಿ ಮೂರು ಪಾಲು ಬರುತ್ತದೆ. ಹಾಗಿದ್ದರೂ ಮಧ್ಯಾಹ್ನದ ಬಿಸಿಲನ್ನು ರಾತ್ರಿಗೆ ಎತ್ತಿಡುವ ಹಗೇವು ಇದು.

ಮೂರನೇ ಪ್ರಶ್ನೆ: ಯಾರ ಖರ್ಚಿನಲ್ಲಿ?

ಚರ್ಚಾಸ್ಪರ್ಧೆಯಲ್ಲಿ ಯಾರೂ ಕೇಳದ ಪ್ರಶ್ನೆ ಇದೇ. ನನಗೆ ಇದೇ ಮುಖ್ಯ ಅನ್ನಿಸುತ್ತದೆ.

ಕಲ್ಲಿದ್ದಲಿನಿಂದ ಶುರು ಮಾಡೋಣ. ಒಂದು ಯೂನಿಟ್‌ಗೆ ಸುಮಾರು 650 ಗ್ರಾಂ ಕಲ್ಲಿದ್ದಲು ಬೇಕು. ಸೊಲ್ಲಾಪುರದಂಥ ಸ್ಥಾವರ ಪೂರ್ತಿ ಬಲದಲ್ಲಿ ಒಂದು ದಿನ ನಡೆದರೆ 20,000 ಟನ್ ಸುಡುತ್ತದೆ. ಒಂದು ಗೂಡ್ಸ್ ರೈಲಿನಲ್ಲಿ ಸುಮಾರು 4,000 ಟನ್ ಹಿಡಿಯುತ್ತದೆ ಅಂದರೆ ದಿನಕ್ಕೆ ಐದು ರೈಲು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗದಷ್ಟು ಬೂದಿಯೇ ಇರುತ್ತದೆ, ಆದ್ದರಿಂದ ದಿನಕ್ಕೆ ಆರು ಏಳು ಸಾವಿರ ಟನ್ ಬೂದಿ. ಅದರಲ್ಲಿ ಒಂದಷ್ಟು ಸಿಮೆಂಟಿಗೆ, ಇಟ್ಟಿಗೆಗೆ ಹೋಗುತ್ತದೆ. ಉಳಿದದ್ದು ಎಲ್ಲೋ ಒಂದು ಊರಿನ ಪಕ್ಕ ಗುಡ್ಡೆ ಬೀಳಬೇಕಲ್ಲ? ಕಾರ್ಬನ್ ಡೈಆಕ್ಸೈಡ್ ಯೂನಿಟ್‌ಗೆ ಹತ್ತಿರ ಹತ್ತಿರ ಒಂದು ಕಿಲೋ. ಅದು ಯಾವ ಊರಲ್ಲೂ ನಿಲ್ಲದೆ ಎಲ್ಲರ ತಲೆಯ ಮೇಲೂ ಹರಡುತ್ತದೆ.

ಇನ್ನು ನೀರು. ಹಬೆಯನ್ನು ತಣಿಸಲು ಯೂನಿಟ್‌ಗೆ ಸುಮಾರು 3 ಲೀಟರ್ ಬೇಕಾಗುತ್ತದೆ. ಪೂರ್ತಿ ಬಲದಲ್ಲಿ ದಿನಕ್ಕೆ ಒಂಬತ್ತೂವರೆ ಕೋಟಿ ಲೀಟರ್. ಹಳ್ಳಿಗಳಿಗೆ ನಳದ ನೀರು ಕೊಡುವಾಗ ಸರ್ಕಾರ ಹಿಡಿಯುವ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್. ಭಾಗಿಸಿ ನೋಡಿ: 17 ಲಕ್ಷ ಜನರ ನೀರು. ಸೊಲ್ಲಾಪುರ ಸ್ಥಾವರ ಉಜನಿ ಜಲಾಶಯದ ನೀರನ್ನು ನೆಚ್ಚಿಕೊಂಡದ್ದು. ಅದೇ ಉಜನಿಯ ನೀರು ಕುಡಿಯುವ ಸೊಲ್ಲಾಪುರ ನಗರದಲ್ಲಿ ನಳಕ್ಕೆ ದಿನಾ ನೀರು ಬರುವುದಿಲ್ಲ. ಬಿಂದಿಗೆ ಹಿಡಿದು ನಿಲ್ಲುವವರ ಪಾಲಿಗೆ ಕರೆಂಟಿನ ಬೆಲೆ ಬಿಲ್ಲಿನಲ್ಲಿ ಬರೆದಷ್ಟೇ ಅಲ್ಲ.

‘ಹಾಗಾದರೆ ಸೌರಶಕ್ತಿಯೇ ಸರಿ’ ಎಂದು ಗಂಟೆ ಬಾರಿಸಬೇಡಿ, ಇನ್ನೂ ಇದೆ. ಪಾವಗಡದ ಪಾರ್ಕು ಹರಡಿರುವುದು ಸುಮಾರು 13,000 ಎಕರೆಯಲ್ಲಿ. ಅಲ್ಲಿ ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಹೆಚ್ಚಳ. ಮಳೆ ಕೈಕೊಡುವ ಸೀಮೆಯಲ್ಲಿ ಇದು ಒಳ್ಳೆಯ ದಾರಿ ಎಂದೇ ನನ್ನ ಎಣಿಕೆ. ಜಮೀನಿನ ಒಡೆತನ ರೈತನಲ್ಲೇ ಉಳಿಯಿತು, ಬರಗಾಲದಲ್ಲೂ ದುಡ್ಡು ಬರುತ್ತದೆ. ಆದರೆ ಬಾಡಿಗೆ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕೀಳಲು, ಶೇಂಗಾ ಬಿಡಿಸಲು ಹೋಗುತ್ತಿದ್ದ ಕೂಲಿಯವರಿಗೆ ಪಹಣಿ ಇಲ್ಲ. ಕುರಿ ಮೇಯಿಸುವವರಿಗೂ ಇಲ್ಲ. ಫಲಕದಡಿಯಲ್ಲಿ ನೆರಳಿದೆ, ಸುತ್ತ ಬೇಲಿಯೂ ಇದೆ. ಗಾಳಿಯಂತ್ರಕ್ಕೂ ಸೌರ ಪಾರ್ಕಿಗೂ ಬೇಕಾದ ತಂತಿಗಳ ಸಾಲು ಹಕ್ಕಿಗಳಿಗೆ ಕುತ್ತು. ಸೊಲ್ಲಾಪುರದ ನಾನಜ ಕಡೆ ಮಾಳಢೋಕ ಎಂದು ಕರೆಯುವ, ನಮ್ಮ ಕಡೆ ಎರ್ಲಡ್ಡು ಎನ್ನುವ ದೊಡ್ಡ ಹಕ್ಕಿ ಈಗ ದೇಶದಲ್ಲಿ ಬೆರಳೆಣಿಕೆಯ ಕಡೆಗಳಲ್ಲಿ ಮಾತ್ರ ಉಳಿದಿದೆ. ಭಾರವಾದ ಮೈಯ ಆ ಹಕ್ಕಿಗೆ ಎದುರಿನ ತಂತಿ ಬೇಗ ಕಾಣುವುದಿಲ್ಲ, ತಾಗಿ ಸಾಯುತ್ತದೆ.

ನೀರಿನ ವಿದ್ಯುತ್ತಿಗೆ ಹೊಗೆ ಇಲ್ಲ, ಆದರೆ ಮುಳುಗುವ ನೆಲ ಇದೆ. ಬಾಣಾಸುರ ಸಾಗರ ಕಟ್ಟಿದ್ದು ವಯನಾಡಿನ ನೆಲದಲ್ಲಿ, ಕಬಿನಿಯ ಉಪನದಿಗೆ ಅಡ್ಡಲಾಗಿ. ಆ ನೀರನ್ನು ಬೆಟ್ಟದಾಚೆ ಪಶ್ಚಿಮಕ್ಕೆ ತಿರುಗಿಸಿ ಕುಟ್ಟಿಯಾಡಿ ಯೋಜನೆಗೆ ಕೊಡುತ್ತಾರೆ, ಕರೆಂಟು ಹುಟ್ಟುವುದು ಕೋಯಿಕ್ಕೋಡು ಜಿಲ್ಲೆಯ ಕಕ್ಕಯಂನಲ್ಲಿ. ಮುಳುಗಿದ್ದು ಒಂದು ಕಡೆ, ದೀಪ ಹೊತ್ತಿದ್ದು ಇನ್ನೊಂದು ಕಡೆ. ಇದು ಹೊಸ ಕಥೆಯಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಪೈಕಾರದ ಕರೆಂಟು ಬೆಳೆಸಿದ್ದು ಕೊಯಮತ್ತೂರಿನ ಹತ್ತಿ ಗಿರಣಿಗಳನ್ನು. ಪರಮಾಣುವಿಗೂ ಹೊಗೆ ಇಲ್ಲ. ಆದರೆ ಅದರ ಉರಿದ ಇಂಧನವನ್ನು ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಕಾಯುತ್ತಿರಬೇಕು.

ಎಲ್ಲದಕ್ಕೂ ಕೆಡುಕಿದೆ ಎಂದು ಹೇಳಿ ಕೈತೊಳೆದುಕೊಳ್ಳುವುದು ನನ್ನ ಉದ್ದೇಶವಲ್ಲ. ಕೆಡುಕುಗಳೆಲ್ಲ ಒಂದೇ ತೂಕದವೂ ಅಲ್ಲ. ಕಲ್ಲಿದ್ದಲಿನ ಹೊಗೆ ಇಡೀ ಭೂಮಿಯ ಹವೆಯನ್ನು ಬದಲಿಸುತ್ತದೆ, ಅದನ್ನು ತಿದ್ದಲು ಬರುವುದಿಲ್ಲ. ಸೌರ ಪಾರ್ಕಿನ ಕೂಲಿಯವರಿಗೆ ಆದ ಅನ್ಯಾಯವನ್ನು ಒಂದು ಒಳ್ಳೆಯ ಒಪ್ಪಂದದಿಂದ ತಿದ್ದಬಹುದು. ತಂತಿಗೆ ಹಕ್ಕಿಗೆ ಕಾಣುವಂಥ ಬಿಲ್ಲೆ ಕಟ್ಟಬಹುದು. ಆದ್ದರಿಂದ ಬಿಸಿಲು ಮತ್ತು ಗಾಳಿಯ ಪಾಲು ಬೆಳೆಯಬೇಕು, ಕಲ್ಲಿದ್ದಲಿನದು ವರ್ಷ ವರ್ಷ ಇಳಿಯಬೇಕು ಎಂಬ ಪಕ್ಷ ನನ್ನದು. ಆದರೆ ಹೊತ್ತಿನ ಲೆಕ್ಕವನ್ನೂ ಖರ್ಚಿನ ಲೆಕ್ಕವನ್ನೂ ತೀರಿಸಿಯೇ ಅದು ಆಗಬೇಕು.

ರಾಯಚೂರಿನಿಂದ ಸೊಲ್ಲಾಪುರಕ್ಕೆ

ನಿಮ್ಮಲ್ಲಿ ಕೆಲವರು ದಿನಾ ನೋಡುವ ಒಂದು ತಂತಿಯ ಮಾತು ಹೇಳಲೇಬೇಕು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿಯಿತು. ಎರಡನೇ ದಿನ ಪೂರ್ವ ಮತ್ತು ಈಶಾನ್ಯದ ಗ್ರಿಡ್‌ಗಳೂ ಜೊತೆಗೇ ಬಿದ್ದವು. ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶಕ್ಕೆ ಕರೆಂಟು ಹೋಯಿತು. ರೈಲು ನಿಂತವು, ಗಣಿಯೊಳಗೆ ಕಾರ್ಮಿಕರು ಸಿಕ್ಕಿಕೊಂಡರು. ದಕ್ಷಿಣ ಉಳಿಯಿತು. ಏಕೆಂದರೆ ಆಗ ದಕ್ಷಿಣದ ಗ್ರಿಡ್ ಬೇರೆ ತೇರು. ಉಳಿದ ದೇಶದ ಜೊತೆ ನೇರ ವಿದ್ಯುತ್ತಿನ, ಅಂದರೆ ಡಿ.ಸಿ.ಯ ಸಂಪರ್ಕ ಇತ್ತೇ ಹೊರತು ಒಂದೇ ಲಯ ಇರಲಿಲ್ಲ.

ಅಷ್ಟಾದರೂ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ ನಡುವಿನ 765 ಕಿಲೋವೋಲ್ಟ್ ತಂತಿಯ ಮೂಲಕ ದಕ್ಷಿಣವನ್ನು ಉಳಿದ ದೇಶಕ್ಕೆ ಜೋಡಿಸಿದರು. ಅಂದಿನಿಂದ ಇಡೀ ಭಾರತ ಒಂದೇ ಹಗ್ಗ, ಒಂದೇ ಹೆಜ್ಜೆ. ಬಿದ್ದದ್ದನ್ನು ನೋಡಿಯೂ ಯಾಕೆ ಸೇರಿಕೊಂಡೆವು? ದಕ್ಷಿಣದಲ್ಲಿ ಆಗ ಕರೆಂಟಿನ ಕೊರತೆ ಇತ್ತು, ಬೇರೆ ಕಡೆಯದನ್ನು ತರಲು ದಾರಿ ಸಾಲದಾಗಿತ್ತು. ಸೇರಿದರೆ ಅಪಾಯದಲ್ಲೂ ಪಾಲು ಬರುತ್ತದೆ, ಬಲದಲ್ಲೂ ಪಾಲು ಬರುತ್ತದೆ. ಇವತ್ತು ತನಗೆ ಬೇಕಾದ ಕರೆಂಟಿನ ಬಹುಪಾಲನ್ನು ಹೊರಗಿನಿಂದ ಕೊಳ್ಳುವ ಕೇರಳದ ಕಾಸರಗೋಡಿನಲ್ಲಿ ಉರಿಯುವ ದೀಪಕ್ಕೆ ಎಲ್ಲೆಲ್ಲಿಯ ಕಲ್ಲಿದ್ದಲು, ಎಲ್ಲೆಲ್ಲಿಯ ಗಾಳಿ ಸೇರಿದೆಯೋ ಬೇರ್ಪಡಿಸಿ ಹೇಳಲು ಆಗದು. ದೇಶ ಒಂದೇ ಲಯಕ್ಕೆ ಬಂದ ಆ ತಂತಿ ಹಾದು ಹೋಗುವುದು ಕನ್ನಡ, ಮರಾಠಿ, ತೆಲುಗು ಬೆರೆತ ನಮ್ಮ ಗಡಿನಾಡಿನ ಸೀಮೆಯಲ್ಲಿ ಎಂಬುದು ನೆನಪಿರಲಿ.

‘ಕನ್ನಡದಲ್ಲಿ ಓದಿ ಈ ದೊಡ್ಡ ವಿಷಯವೆಲ್ಲ ಹೇಗೆ ತಿಳಿಯುತ್ತೆ?’ ಎಂದು ನಿಮ್ಮನ್ನು ಕೇಳುವವರು ಇರುತ್ತಾರೆ. ಮೇಲಿನ ಲೆಕ್ಕಗಳನ್ನೇ ಅವರ ಮುಂದೆ ಇಡಿ. ಗುಣಾಕಾರ, ಭಾಗಾಕಾರ, ಎಂಟನೇ ತರಗತಿ ಒಂಬತ್ತನೇ ತರಗತಿಯ ವಿಜ್ಞಾನ, ಅಷ್ಟೇ. ಬಿಲ್ಲು ಒಬ್ಬರಿಗೆ ಮರಾಠಿಯಲ್ಲಿ, ಒಬ್ಬರಿಗೆ ಮಲಯಾಳದಲ್ಲಿ, ಇನ್ನೊಬ್ಬರಿಗೆ ತಮಿಳಿನಲ್ಲೋ ತೆಲುಗಿನಲ್ಲೋ ಬರಬಹುದು. ಯೂನಿಟ್ ಎಲ್ಲ ಭಾಷೆಯಲ್ಲೂ 36 ಲಕ್ಷ ಜೂಲೇ.

ಈಗ ಏನು ಮಾಡಬೇಕು?

ದೊಡ್ಡವರು ಮಾಡಬೇಕಾದದ್ದು ಬೇಕಾದಷ್ಟಿದೆ. ನನ್ನನ್ನು ಕೇಳಿದರೆ, ಹೊಲದ ಪಂಪ್‌ಸೆಟ್‌ಗಳಿಗೆ ಹಗಲು ಹೊತ್ತು ಕರೆಂಟು ಕೊಡುವುದು ಮೊದಲ ಕೆಲಸ. ಬಿಸಿಲಿನ ಕರೆಂಟು ಹೆಚ್ಚಿರುವುದು ಹಗಲಲ್ಲೇ. ರೈತ ನಡುರಾತ್ರಿ ಎದ್ದು ಹಾವು ಚೇಳಿನ ನಡುವೆ ಮೋಟರು ಹಾಕಲು ಹೋಗುವುದೂ ತಪ್ಪುತ್ತದೆ. ಒಂದೇ ಕಲ್ಲಿಗೆ ಎರಡು ಮಾವಿನಕಾಯಿ. ಎರಡನೆಯದಾಗಿ, ಸ್ಥಾವರ ಅಥವಾ ಪಾರ್ಕು ಬರುವ ಊರಿನಲ್ಲಿ ಗ್ರಾಮಸಭೆ ಸೇರಿದಾಗ ಜಮೀನಿದ್ದವರ ಜೊತೆ ಕೂಲಿಯವರ, ಕುರಿಗಾರರ ಮಾತನ್ನೂ ಬರೆದುಕೊಳ್ಳಬೇಕು.

ನೀವು ಮಾಡಬಹುದಾದದ್ದೂ ಇದೆ. ಒಂದು ವಾರ ದಿನಾ ಸಂಜೆ ಆರಕ್ಕೆ ಮತ್ತು ರಾತ್ರಿ ಹತ್ತಕ್ಕೆ ಮನೆಯ ಮೀಟರ್ ಓದಿ ಬರೆದಿಡಿ. ಬೆಳಗ್ಗೆ ಆರಕ್ಕೂ ಒಮ್ಮೆ ಓದಿ. ದಿನದ ಬಳಕೆಯಲ್ಲಿ ಸಂಜೆಯ ಆ ನಾಲ್ಕು ಗಂಟೆಯ ಪಾಲು ಎಷ್ಟು ಎಂದು ಲೆಕ್ಕ ಹಾಕಿ. ನಿಮ್ಮ ಊರಿಗೆ ಹತ್ತಿರದ ಸ್ಥಾವರ ಯಾವುದು, ಅದಕ್ಕೆ ನೀರು ಎಲ್ಲಿಂದ ಬರುತ್ತದೆ, ಅಲ್ಲಿ ಮೊದಲು ಯಾವ ಬೆಳೆ ಇತ್ತು ಎಂದು ಅಜ್ಜ ಅಜ್ಜಿಯರನ್ನು ಕೇಳಿ. ಸೊಲ್ಲಾಪುರದ ಶಾಲೆಯವರು ಬರೆದದ್ದನ್ನು ಕಾಸರಗೋಡಿನವರು ಓದಲಿ, ನೀಲಗಿರಿಯವರ ಲೆಕ್ಕವನ್ನು ರಾಯದುರ್ಗದವರು ತಪ್ಪಿದ್ದರೆ ತಿದ್ದಲಿ. ಮುಂದಿನ ಚರ್ಚಾಸ್ಪರ್ಧೆಗೆ ವಿಷಯ ಇಡುವ ಶಿಕ್ಷಕರಿಗೂ ಒಂದು ಕೋರಿಕೆ. ‘ಕಲ್ಲಿದ್ದಲೋ ಸೌರಶಕ್ತಿಯೋ’ ಬೇಡ. ‘ನಮ್ಮ ಊರಿಗೆ ಸಂಜೆ ಏಳು ಗಂಟೆಯ ಕರೆಂಟು ಎಲ್ಲಿಂದ ಬರಬೇಕು, ಅದರ ಖರ್ಚನ್ನು ಯಾರು ಹೊರಬೇಕು?’ ಎಂದು ಇಡಿ. ಆ ವೇದಿಕೆಯಲ್ಲಿ ಬಾಯಿಪಾಠ ಮಾಡಿದವರಿಗಿಂತ ಮೀಟರ್ ಓದಿದವರು ಗೆಲ್ಲುತ್ತಾರೆ.